ಕೆಸರಿಲ್ಲದ ಕೆರೆ

ಕೆರೆಯ ನೀರು ಒಂದು ಗೇಣು ಇಳಿದರೆ ಸಾಕೇ, ಎರಡು ಬೇಕೇ? ಎರಡಾದರೆ ಊರವರ ಕಣ್ಣಿಗೆ ಬೀಳುತ್ತದೆ. ಒಂದಾದರೂ ಪಡುವಣ ಅಂಚಿನಲ್ಲಿ ಹತ್ತು ಮಾರು ಕೆಸರು ಕಾಣಿಸೀತು. ಆದರೆ ಇದನ್ನು ಕೇಳುವ ಹಕ್ಕು ತನಗಿದೆಯೇ ಎಂಬುದು ಏರಿಯ ಮೇಲೆ ನಡೆಯುತ್ತಿರುವಾಗಲೂ ದೇವರಾಜನಿಗೆ ತೀರ್ಮಾನವಾಗಿರಲಿಲ್ಲ.

ಆವತಿ ಊರಿನ ಆಚೆಗಿನ ಈ ಕೆರೆ ಹಿಂದೆಲ್ಲ ದೀಪಾವಳಿ ಕಳೆಯುತ್ತಲೇ ಇಳಿಯುತ್ತಿತ್ತು. ನೀರು ಸರಿದ ಕೆಸರಿನಲ್ಲಿ ಹುಳು ಹೆಕ್ಕುತ್ತ ಗದ್ದೆಗೊರವಗಳು ಬೇಸಿಗೆಯವರೆಗೂ ಇರುತ್ತಿದ್ದವು. ಸೈಬೀರಿಯಾದಿಂದ ಬರುವ ಹಿಡಿಗಾತ್ರದ ಹಕ್ಕಿಗಳು. ಕಾಲಷ್ಟೇ ಮುಳುಗುವ ನೀರಿದ್ದರೆ ಅವಕ್ಕೆ ಊಟ. ಈಗ ಮೂರು ವರ್ಷದಿಂದ ನಗರದ ಶುದ್ಧೀಕರಿಸಿದ ಚರಂಡಿ ನೀರು ಪೈಪಿನಲ್ಲಿ ಬಂದು ಕೆರೆ ವರ್ಷವಿಡೀ ತುಂಬಿರುತ್ತದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ದೇವರಾಜ್ ಒಂದು ಕಾಲಕ್ಕೆ ಇಲ್ಲಿ ಇನ್ನೂರು ಹಕ್ಕಿ ಎಣಿಸಿದ್ದ. ಹೋದ ವರ್ಷ ಒಂಬತ್ತು.

ತೂಬು ತೆಗೆಯುವ, ಮುಚ್ಚುವ ಕೆಲಸ ನೀರುಗಂಟಿ ಆಂಜಿನಪ್ಪನದು. ಅವನು ತೂಬಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಸೋರಿಕೆಗೆ ಜೇಡಿಮಣ್ಣು ಮೆತ್ತುತ್ತಿದ್ದ.

"ಏನ್ ಮೇಷ್ಟ್ರೇ, ನಿಮ್ಮ ನೆಂಟ್ರನ್ನ ನೋಡಕ್ ಬಂದ್ರಾ?"

"ನಿಮ್ಮನ್ನೇ ನೋಡೋಣ ಅಂತ ಬಂದೆ, ಆಂಜಿನಪ್ಪಣ್ಣ."

"ನನ್ನನ್ನಾ? ನಂಗೇನು ರೆಕ್ಕೆ ಐತಾ? ಆ ಮಣ್ಣುಂಡೆ ಕೊಡಿ ಇತ್ಲಾಗೆ."

ದೇವರಾಜ್ ಕೊಟ್ಟ. ಇನ್ನೊಂದನ್ನೂ ಕೊಟ್ಟ.

"ಬ್ಯಾಸ್ಗೇಲಿ ನಮ್ಮವಳು ಬಿಂದಿಗೆ ಹಿಡ್ಕೊಂಡು ಟ್ಯಾಂಕರ್ ಹಿಂದೆ ಓಡ್ತಿದ್ಲು. ಈಗ ನೋಡಿ, ಬತ್ತೋಗಿದ್ದ ಬೋರೆಲ್ಲ ನೀರು ಕೊಡ್ತಾವೆ. ಒಂದು ತೊಟ್ಟೂ ಆಚೆ ಬಿಡಲ್ಲ ನಾನು."

ಆಗ ಕೀಚಲು ದನಿ ಕೇಳಿಸಿತು. ಇಪ್ಪತ್ತರಷ್ಟಿದ್ದ ಗದ್ದೆಗೊರವಗಳ ಗುಂಪು ಕೆರೆಯ ಮೇಲೆ ತಗ್ಗಿ ಬಂತು. ಅಂಚಿನುದ್ದಕ್ಕೂ ಜೊಂಡು, ಇಲ್ಲವೇ ಏರಿಯ ಕಲ್ಲು. ಎರಡು ಸುತ್ತು ಹಾಕಿದವು. ಒಂದು ಮಾತ್ರ ಕಲ್ಲಿನ ಮೇಲಿಳಿದು, ಕೊಕ್ಕು ತಾಗಿಸಿ ನೋಡಿ, ಗುಂಪಿನ ಹಿಂದೆ ಎದ್ದು ಹೋಯಿತು. ಅವು ಹೋದ ದಿಕ್ಕಿನ ಕೆರೆಗಳೂ ತುಂಬಿದ್ದವು.

"ಇಷ್ಟು ನೀರಿದ್ರೂ ಯಾಕ್ ಇಳೀಲಿಲ್ಲ ಅವು?" ಆಂಜಿನಪ್ಪನಿಗೆ ನಿಜಕ್ಕೂ ಬೇಸರವಾಗಿತ್ತು. "ಕೆರೆ ಇನ್ನೂ ತುಂಬಬೇಕೇನೋ."

ದೇವರಾಜ್ ತನ್ನ ಬೆರಳುಗಳಿಗೆ ಅಂಟಿದ್ದ ಮಣ್ಣನ್ನು ನೋಡಿಕೊಂಡ.

"ಇರ್ಬೋದು," ಎಂದ.

ಆಂಜಿನಪ್ಪ ಕೊನೆಯ ಉಂಡೆಯನ್ನು ಮೆತ್ತಿ ಅಂಗೈಯಿಂದ ಒತ್ತಿ ಹಿಡಿದ. ಸೋರಿಕೆ ನಿಂತಿತು.

ತೂಬು ತೆಗೆದು ನೀರು ಇಳಿಸಿ ಎಂದು ದೇವರಾಜ್ ಅವನಿಗೆ ಎಂದೂ ಹೇಳಲಿಲ್ಲ.