ಬೆಕ್ಕು ಇಟ್ಟ ಜಾಗ

"ಹಿಮ್ಮಡಿ ಇನ್ನೊಸಿ ಉಜ್ಜಮ್ಮ ಕವಿತ. ಬಿರುಕಿನಾಗೆ ಮಣ್ಣು ಕೂತೈತೆ."

ಅಮ್ಮಯಮ್ಮ ಗೋಡೆಗೊರಗಿ ಕೂತಲ್ಲಿಂದಲೇ ಹೇಳಿದಳು. ಕವಿತ ಅರಿಶಿನ ಮೆತ್ತಿದ ಕೈಯ ಹಿಂಬದಿಯಿಂದ ಮೂಗೊರೆಸಿಕೊಂಡು ಶಶಿರೇಖಾಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ದೇವನಹಳ್ಳಿಯ ತಾಲ್ಲೂಕು ಕಚೇರಿಯ ಎದುರು ಶಶಿರೇಖಾಳ ಜೆರಾಕ್ಸ್ ಅಂಗಡಿ, ಅದಕ್ಕಂಟಿಕೊಂಡೇ ಕವಿತಳ ಹೊಲಿಗೆ ಅಂಗಡಿ. ನಿನ್ನೆ ಮಧ್ಯಾಹ್ನ ಯಾರದೋ ಆಧಾರ್ ಕಾರ್ಡನ್ನು ಗಾಜಿನ ಮೇಲಿಟ್ಟು ಮುಚ್ಚಳ ಮುಚ್ಚುತ್ತಿದ್ದ ಶಶಿರೇಖಾ ಹಾಗೇ ಕುಸಿದಾಗ ಮೊದಲು ಓಡಿದವಳು ಕವಿತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವತ್ತು ನಲ್ಲೂರಿನ ಮನೆಯಂಗಳದಲ್ಲಿ ಕೊನೆಯ ಸ್ನಾನ.

"ಮುತ್ತೈದೆ ಸಾವು. ಪುಣ್ಯವಂತೆ," ಎಂದಳು ಹಸಿರು ಬಳೆ ತೊಡಿಸುತ್ತಿದ್ದ ನೆರೆಯವಳು.

"ಪುಣ್ಯಕ್ಕಿಷ್ಟು ಬೆಂಕಿ ಬೀಳ," ಎಂದಳು ಅಮ್ಮಯಮ್ಮ. "ಐವತ್ತು ತುಂಬಿರ್ನಿಲ್ಲ ನನ್ನ ಸೊಸೆಗೆ. ನಾನು ಎಂಬತ್ತಾದ್ರೂ ಗೂಟದಂಗೆ ಕೂತಿವ್ನಿ. ಲೇ ಮುನಿರಾಜ, ಬಾರೋ, ಕುಂಕುಮ ಇಡು ಬಾ."

ಮುನಿರಾಜ್ ಬಂದ. ಲೇಔಟುಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯುವವನು. ಎರಡು ಮಾತಾಡಬೇಕಾದ ಕಡೆ ಒಮ್ಮೆ ಹಾರ್ನ್ ಮಾಡುವುದು ಅವನಿಗೆ ಸಲೀಸು. ಹೆಂಡತಿಯ ತಲೆಯ ಬಳಿ ಮಂಡಿಯೂರಿ ಕುಂಕುಮದ ಬಟ್ಟಲಿಗೆ ಬೆರಳದ್ದಿದ. ಅಷ್ಟರಲ್ಲಿ ಕವಿತ ಪಾದವನ್ನು ತಬ್ಬಿಕೊಂಡು ಅತ್ತುಬಿಟ್ಟಳು.

"ಪಂಕಜನ್ನ ಬಸ್ಸಲ್ಲಿ ಕೂರ್ಸಿ ನೀನೆಲ್ಲಿಗೆ ಹೊರಟ್ಬಿಟ್ಯೇ ಶಶಿ?"

"ಯಾರಮ್ಮ ಅದು ಪಂಕಜ?" ಎಂದಳು ಬಳೆಯವಳು.

"ಅವ್ಳು ಬರೀತಿದ್ದ ಕಾದಂಬ್ರೀಲಿ ಬರೋಳು. ಕೊನೇಲಿ ಗಂಡನ ಮನೆ ಬಿಟ್ಟು ಬಸ್ ಹತ್ತಿ ಹೋಗ್ಬಿಡ್ತಾಳೆ. ತಿರುಗಿ ಕೂಡ ನೋಡಲ್ಲ."

"ಯಾವಳೇ ಅಂಗಂದಿದ್ದು?" ಅಮ್ಮಯಮ್ಮ ಅಳು ನಿಲ್ಲಿಸಿದಳು. "ನಂಗೆ ಏಳಿದ್ದೇ ಬ್ಯಾರೆ. ಅತ್ತೆ ತನ್ನ ಕಾಸಿನ ಸರ ಬಿಚ್ಚಿ ಸೊಸೆ ಕೊರಳಿಗಾಕ್ತಾಳೆ, ಇಬ್ರೂ ತಬ್ಕೊಂಡು ಅಳ್ತಾರೆ, ಅಲ್ಲಿಗೆ ಸುಭಂ."

ಶಾಮಿಯಾನದ ಕಂಬಕ್ಕೊರಗಿ ನಿಂತಿದ್ದ ಪತ್ರ ಬರಹಗಾರ ವೇಣುಗೋಪಾಲ್ ಅಲ್ಲಿಂದಲೇ ಕೊರಳುದ್ದ ಮಾಡಿದ. "ಇಲ್ಲಮ್ಮ, ಕೇಸ್ ಗೆಲ್ತಾಳೆ. ಖಾತೆ ಪಂಕಜನ ಹೆಸ್ರಿಗೇ ಆಗುತ್ತೆ. ಮೇಡಂ ನಂಗೆ ಹೇಳಿದ್ದು ಹಂಗೆ."

ಯಾರೋ ನಕ್ಕು, ಸೆರಗು ಬಾಯಿಗಿಟ್ಟುಕೊಂಡು ಅದನ್ನು ಕೆಮ್ಮಾಗಿಸಿದರು. ಮುನಿರಾಜನ ಬೆರಳಿನಿಂದ ಕುಂಕುಮ ಹಣೆಗಿಂತ ಮೊದಲು ಮೂಗಿನ ಮೇಲೆ ಉದುರಿತು. ಮೂರು ಮುಕ್ತಾಯಗಳಲ್ಲಿ ನಿಜವಾದದ್ದು ಬಸ್ಸು ಎಂದು ಆ ಅಂಗಳದಲ್ಲಿ ಅವನಿಗೊಬ್ಬನಿಗೆ ಗೊತ್ತಿತ್ತು. ಅವನು ಅದನ್ನು ಕಣ್ಣಾರೆ ನೋಡಿದ್ದ.

*

ಶಶಿರೇಖಾ ಓದಿದ್ದು ಪಿಯುಸಿ. ಜೆರಾಕ್ಸಿಗೆ ಬಂದವರು ಮೆಟ್ಟಿಲಿಳಿಯುವ ಮೊದಲೇ ಅವರ ದನಿಯ ನಕಲೂ ತಯಾರಾಗುತ್ತಿತ್ತು: ಮೂಗಿನಲ್ಲಿ ಮಾತಾಡುವ ಸರ್ವೆಯವರು, ಪ್ರತಿ ವಾಕ್ಯಕ್ಕೂ 'ಆ ಮೇರೆಗೆ' ಎನ್ನುವ ಗುಮಾಸ್ತರು, ಕೆಮ್ಮಿನ ಸಮೇತ ಅತ್ತೆ. "ಇಷ್ಟೊಂದು ಜನ ನಿಮ್ಮ ಗಂಟ್ಲಲ್ಲಿ ಬಾಡಿಗೆ ಕೊಡ್ದೆ ಕೂತವ್ರೆ. ಎಲ್ಲಾದ್ರೂ ಒಂದು ಮನೆ ಕಟ್ಕೊಡಿ ಮೇಡಂ," ಎಂದು ವೇಣುಗೋಪಾಲ್ ಒಮ್ಮೆ ಗೇಲಿ ಮಾಡಿದ್ದ. ಅವಳು ಅದನ್ನು ನಿಜವೆಂದೇ ತೆಗೆದುಕೊಂಡು ಕಾದಂಬರಿ ಶುರುಮಾಡಿದಳು.

ಮೊದಮೊದಲು ಬರೆದದ್ದು ಕೆಟ್ಟುಹೋದ ಪ್ರತಿಗಳ ಹಿಂಬದಿಯಲ್ಲಿ. ಹಾಳೆಗಳು ಕಲೆಸಿಹೋಗುತ್ತಿದ್ದವು. ಒಂದು ಸಲ ಪಂಕಜಳ ಮದುವೆ ಯಾರದೋ ಪಹಣಿ ಅರ್ಜಿಯ ಜೊತೆ ಪಿನ್ನು ಹೊಡೆಸಿಕೊಂಡು ತಾಲ್ಲೂಕು ಕಚೇರಿಗೆ ಹೋಗಿ, ಸ್ವೀಕೃತಿಯ ಸೀಲು ಒತ್ತಿಸಿಕೊಂಡು ವಾಪಸು ಬಂತು. "ಅಮ್ಮಾ, ಸಾಕು," ಎಂದು ಮಗಳು ಚಂದನ, ಆಗಿನ್ನೂ ಡಿಗ್ರಿಗೆ ಸೇರಿದವಳು, ಕಾದಂಬರಿ ಬರೆಯುವವರಿಗೆಂದೇ ಮಾಡಿದ ಒಂದು ಸಾಫ್ಟ್‌ವೇರನ್ನು ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು.

ಅದರಲ್ಲಿ ಎಡಗಡೆ ಅಧ್ಯಾಯಗಳ ಸಾಲು. ಒಂದು ಅಧ್ಯಾಯ ಒತ್ತಿದರೆ ಅದರ ಸೀನುಗಳೆಲ್ಲ ಹಲಗೆಗೆ ಚುಚ್ಚಿದ ಕಾರ್ಡುಗಳ ಹಾಗೆ ಎದ್ದು ಬರುತ್ತಿದ್ದವು. ಕಾರ್ಡಿನ ಮೇಲೆ ಸೀನಿನ ಹೆಸರು, ಕೆಳಗೆ ಒಂದೆರಡು ಸಾಲಿನ ಟಿಪ್ಪಣಿ. ಒತ್ತಿದರೆ ಇಡೀ ಬರಹ. ಬೇಡವಾದ ಕಡೆಯಿಂದ ಹಿಡಿದೆಳೆದು ಬೇಕಾದ ಕಡೆ ಬಿಟ್ಟರಾಯಿತು. ಶಶಿರೇಖಾ ಜಗಳದ ಸೀನಿಗೆ ಕೆಂಪು ಬಣ್ಣ ಕೊಟ್ಟಳು, ಊಟದ ಸೀನಿಗೆ ಹಳದಿ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವಳು ಬರೆದದ್ದಕ್ಕಿಂತ ಎಳೆದು ಬಿಟ್ಟದ್ದೇ ಹೆಚ್ಚು.

"ಒಂದಕ್ಷರ ತಿದ್ದೋದೇ ಬೇಡ ಕಣೇ," ಎಂದು ಮಗಳನ್ನು ಕರೆದು ತೋರಿಸುತ್ತಿದ್ದಳು. "ಮದುವೆ ಕಾರ್ಡನ್ನ ತಿಥಿ ಕಾರ್ಡಿನ ಕೆಳಗಿಟ್ಟು ಓದು. ಅದೇ ಮದುವೆ, ಅದೇ ಓಲಗ. ಕರುಳು ಕಿತ್ತು ಬರುತ್ತೆ."

ಮುಕ್ತಾಯ ಮಾತ್ರ ಕೂತಿರಲಿಲ್ಲ. ಯಾರು ಸಿಕ್ಕಿದರೆ ಅವರಿಗೊಂದು ಮುಕ್ತಾಯ ಹೇಳಿ ಅವರ ಮುಖ ನೋಡುತ್ತಿದ್ದಳು. ಗಂಡನಿಗೆ ಮಾತ್ರ ಹೇಳಲಿಲ್ಲ. ಅವನೂ ಕೇಳಲಿಲ್ಲ.

*

ತಮಟೆಯವರು ಬೆಂಕಿಯ ಸುತ್ತ ತಮಟೆ ಕಾಯಿಸಿಕೊಳ್ಳುತ್ತಿದ್ದರು. ಹೊಲದಲ್ಲಿ ಗುಂಡಿ ಆಗಿದೆಯೆಂದು ಫೋನು ಬಂತು. ಅಮ್ಮಯಮ್ಮ ಕಣ್ಣೊರೆಸಿಕೊಂಡು ಮೊಮ್ಮಗಳನ್ನು ಕರೆದಳು.

"ಚಂದನ, ನಿಮ್ಮಮ್ಮನ ಆ ಮಡಚೋ ಪೆಟ್ಗೆ ತಗಂಬಾ."

"ಲ್ಯಾಪ್‌ಟಾಪಾ? ಯಾಕಜ್ಜಿ?"

"ಗುಂಡಿಗಾಕಕ್ಕೆ. ಸತ್ತೋರಿಗೆ ಇಷ್ಟ ಆಗಿದ್ದನ್ನ ಜತೇಲಿ ಕಳಿಸ್ಬೇಕು. ಇಲ್ದಿದ್ರೆ ಜೀವ ಮನೆ ಬಿಟ್ಟು ಓಗಲ್ಲ."

"ಅಜ್ಜಿ, ಲ್ಯಾಪ್‌ಟಾಪ್ ಯಾರಾದ್ರೂ ಹೂಳ್ತಾರಾ?"

"ನಿಮ್ಮ ತಾತಂಗೆ ರೇಡಿಯೋ ಊಳ್ನಿಲ್ವಾ? ಹೊಸ ಬ್ಯಾಟ್ರಿ ಆಕ್ಸಿ ಊಳಿದ್ವಿ."

"ನ್ಯೂಸ್ ಟೈಮಿಗೆ ಸರಿಯಾಗಿ ಎದ್ದು ಕೂತ್ಕೊಂಡಿರ್ತಾರೆ," ಎಂದ ವೇಣುಗೋಪಾಲ್, ತನಗೇ ಹೇಳಿಕೊಂಡಂತೆ. ಕವಿತ ಅವನನ್ನು ದುರುಗುಟ್ಟಿ ನೋಡಿದಳು.

"ಅಮ್ಮ ಬರೆದಿದ್ದೆಲ್ಲ ಅದ್ರಲ್ಲೇ ಇದೆ," ಎಂದಳು ಚಂದನ. "ಬೇರೆಲ್ಲೂ ಇಲ್ಲ. ಅದು ಹೋದ್ರೆ ಹೋಯ್ತು."

"ಅದುಕ್ಕೇ ಅಲ್ವೇ ಆಕು ಅಂತಿರೋದು? ಕೆಲ್ಸ ಅರ್ಧಕ್ಕೆ ನಿಂತೈತೆ. ಅಲ್ಲಾದ್ರೂ ಮುಗಿಸ್ಕಳ್ಳಿ." ಅಮ್ಮಯಮ್ಮನ ಮಾತಿನಲ್ಲಿ ಕುಹಕವಿರಲಿಲ್ಲ. "ನಂದೂ ಬ್ಯಾಡ, ನಿಂದೂ ಬ್ಯಾಡ. ಅವಳ ಗಂಡ ಏಳ್ಲಿ."

ಎಲ್ಲರೂ ಮುನಿರಾಜನತ್ತ ತಿರುಗಿದರು.

ಹಾಕಿಬಿಡಿ ಎಂದರೆ ಮುಗಿಯಿತು. ಮಣ್ಣಿನಡಿಯ ಬಸ್ಸನ್ನು ಯಾರೂ ನೋಡುವುದಿಲ್ಲ. ಅವ್ವನಿಗೆ ಕಾಸಿನ ಸರದ ಕತೆ ಉಳಿಯುತ್ತದೆ, ವೇಣುಗೋಪಾಲನಿಗೆ ಖಾತೆಯದು. ಅವನಿಗೂ ಒಂದು ಅನುಮಾನ ಉಳಿಯುತ್ತದೆ ಅಷ್ಟೆ, ಅದರ ಜೊತೆ ಬದುಕಬಹುದು. ತೆಗೆದು ನೋಡಿದರೆ ಅನುಮಾನವೂ ಉಳಿಯದೆ ಹೋಗಬಹುದು. ಅವನ ಬಾಯಿಯವರೆಗೂ ಬಂದಿತ್ತು ಮಾತು.

*

ಹೋದ ಕಾರ್ತಿಕದ ಒಂದು ಸಂಜೆ. ಶಶಿರೇಖಾ ಲ್ಯಾಪ್‌ಟಾಪನ್ನು ತೆರೆದಿಟ್ಟೇ ಹಾಲು ತರಲು ಡೇರಿಗೆ ಹೋಗಿದ್ದಳು. ಮುನಿರಾಜ್ ಚಾರ್ಜರ್ ಹುಡುಕುತ್ತಾ ಬಂದವನು ಪರದೆಯ ಮುಂದೆ ನಿಂತ. ಕೊನೆಯ ಅಧ್ಯಾಯ. ಅದರ ತುದಿಯಲ್ಲಿ ಒಂದು ಕೆಂಪು ಕಾರ್ಡು: 'ಪಂಕಜ ಬಸ್ ಹತ್ತಿದಳು.' ಅದರಾಚೆ ಏನೂ ಇರಲಿಲ್ಲ, ಬರೀ ಬಿಳಿ.

ಕೂತು ಓದಿದ. ಪಂಕಜಳ ಗಂಡ ಊಟದ ಮುಂದೆ ತಲೆಯೆತ್ತುವುದಿಲ್ಲ. ಉಪ್ಪಿದೆಯೋ ಇಲ್ಲವೋ ಹೇಳುವುದಿಲ್ಲ. ತಟ್ಟೆಯಲ್ಲೇ ಕೈತೊಳೆದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿ ಎದ್ದುಹೋಗುತ್ತಾನೆ. ಮುನಿರಾಜನ ಕೈ ತನ್ನ ಹೆಗಲಿಗೆ ಹೋಯಿತು. ಟವೆಲ್ಲು ಅಲ್ಲೇ ಇತ್ತು.

ಏನು ಮಾಡಬೇಕೋ ತಿಳಿಯಲಿಲ್ಲ. ಕೇಳೋಣವೆಂದರೆ ಯಾವತ್ತೂ ಕೇಳಿದವನಲ್ಲ. ಬರೆಯೋಣವೆಂದರೆ ಕನ್ನಡದ ಕೀಲಿಗಳು ಎಲ್ಲಿವೆಯೋ ಗೊತ್ತಿಲ್ಲ. ಆದರೆ ಕಾರ್ಡು ಎಳೆಯುವುದನ್ನು ಅವಳು ಮಗಳಿಗೆ ತೋರಿಸುವಾಗ ನೋಡಿದ್ದ. ಹಿಂದಿನ ಅಧ್ಯಾಯಗಳಲ್ಲಿ ತಡಕಾಡಿದ. ಮೂರನೆಯದರಲ್ಲಿ ಒಂದು ಹಳದಿ ಕಾರ್ಡು ಸಿಕ್ಕಿತು: 'ಊಟಕ್ಕೆ ಬಡಿಸಿದಳು.' ಟ್ಯಾಂಕರಿನ ಪೈಪು ಹಿಡಿದು ಗಡುಸಾದ ಬೆರಳು. ಎರಡು ಸಲ ಜಾರಿತು. ಮೂರನೆಯ ಸಲ ಕಾರ್ಡು ಕೊನೆಯ ಅಧ್ಯಾಯದಲ್ಲಿ, ಬಸ್ಸಿನ ಕೆಳಗೆ ಬಂದು ಕೂತಿತು.

ಮಾರನೆಯ ಬೆಳಿಗ್ಗೆ ಶಶಿರೇಖಾ ಸೊಂಟದ ಮೇಲೆ ಕೈಯಿಟ್ಟು ಪೊಲೀಸ್ ದನಿ ತೆಗೆದಳು. "ಏಯ್, ನಿನ್ನೆ ಸಾಯಂಕಾಲ ಈ ಜಾಗದಲ್ಲಿ ಯಾರಯ್ಯ ಇದ್ದಿದ್ದು?"

"ಬೆಕ್ಕು," ಎಂದ ಮುನಿರಾಜ್, ಬೂಟಿನ ಲೇಸು ಕಟ್ಟುತ್ತಾ.

"ಬೆಕ್ಕಾ?"

"ಹೂಂ. ಅದ್ರ ಮೇಲೆ ಓಡಾಡ್ತಿತ್ತು."

ಅವಳು ಸೊಂಟದ ಮೇಲಿನ ಕೈ ತೆಗೆದು ಲ್ಯಾಪ್‌ಟಾಪ್ ಮುಚ್ಚಿದಳು. ಮತ್ತೆ ಆ ಮಾತೆತ್ತಲಿಲ್ಲ. ಸಂಜೆ ಅವನು ಬಂದು ಕೂತಾಗ ಎಂದಿನ ಟೀ ಬರಲಿಲ್ಲ. ಒಂದು ಲೋಟ ಹಾಲು ತಂದು ಮುಂದಿಟ್ಟಳು. ಅವನು ಪೂರ್ತಿ ಕುಡಿದ. ಕಾರ್ಡನ್ನು ಮೂರನೆಯ ಅಧ್ಯಾಯಕ್ಕೆ ವಾಪಸು ಕಳಿಸಿದಳೋ ಇಲ್ಲವೋ ನೋಡುವ ಧೈರ್ಯ ಮಾತ್ರ ಮತ್ತೆ ಬರಲಿಲ್ಲ.

*

"ಏನೋ, ಮಾತಾಡೋ," ಎಂದಳು ಅಮ್ಮಯಮ್ಮ.

"ಒಂದ್ನಿಮಿಷ ಇರವ್ವ." ಮುನಿರಾಜ್ ಮಗಳ ಭುಜ ಮುಟ್ಟಿದ. "ಅದನ್ನ ತಗೊಂಡು ಬಾ."

ಮನೆಯ ಹಿಂದೆ ಟ್ಯಾಂಕರ್ ನಿಂತಿತ್ತು. ಸೋರುವ ನಲ್ಲಿಯ ಕೆಳಗೆ ಸಣ್ಣ ಹೊಂಡ. ಚಂದನ ಟ್ಯಾಂಕರಿನ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಬೆರಳಚ್ಚುಗಳಿದ್ದವು. ಅವಳು ಅವನ್ನು ಒರೆಸಲು ಹೋಗಿ ಕೈ ಹಿಂತೆಗೆದಳು.

"ಏನು ನೋಡ್ಬೇಕು ಅಪ್ಪಾ?"

"ಕೊನೇದು."

ಕೊನೆಯ ಅಧ್ಯಾಯದ ಕಾರ್ಡುಗಳು ಎದ್ದು ಬಂದವು. ಮುನಿರಾಜ್ ಟ್ಯಾಂಕರಿನ ಚಕ್ರವನ್ನು ನೋಡುತ್ತಾ ನಿಂತ.

"ಕವಿತಕ್ಕ ಹೇಳಿದ್ದೇ ಸರಿ. ಬಸ್ ಹತ್ತಿದಳು ಅಂತಿದೆ." ಚಂದನ ತಡೆದಳು. "ಆದ್ರೆ ಅದಾದ್ಮೇಲೆ ಒಂದು ಊಟದ ಕಾರ್ಡ್ ಇದೆ. ಇದು ಮೂರನೇ ಅಧ್ಯಾಯದ್ದು, ನಂಗೆ ನೆನಪಿದೆ. ಅಮ್ಮ ಗೊತ್ತಾಗ್ದೆ ಎಳೆದ್ಬಿಟ್ಟಿದ್ದಾರೆ. ಇರಿ, ಅದರ ಜಾಗಕ್ಕೆ—"

"ಮುಟ್ಟಬೇಡ!"

ತಂದೆ ಅಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಕೈ ತೆಗೆದಳು. ಆಮೇಲೆ ಬಗ್ಗಿ ನೋಡಿದಳು.

"ಕೆಳಗೆ ಟಿಪ್ಪಣಿ ಬರೆದಿದ್ದಾರೆ. 'ಬೆಕ್ಕು ಇಟ್ಟ ಜಾಗ. ಇಲ್ಲೇ ಇರಲಿ.'" ಅವಳು ತಲೆಯೆತ್ತಿದಳು. "ಯಾವ ಬೆಕ್ಕು ಅಪ್ಪಾ? ನಮ್ಮನೇಲಿ ಬೆಕ್ಕೇ ಇರ್ಲಿಲ್ವಲ್ಲ."

ಮುನಿರಾಜ್ ಟ್ಯಾಂಕರಿನ ತಣ್ಣನೆಯ ತಗಡಿಗೆ ಅಂಗೈ ಒತ್ತಿ ಹಿಡಿದ. "ಒಳಗೇನೈತೆ, ಓದು."

ಚಂದನ ಓದಿದಳು. ಅದೇ ಹಳೆಯ ಊಟ, ಅದೇ ಮುದ್ದೆ, ಅದೇ ಹುರುಳಿ ಬಸ್ಸಾರು, ಅದೇ ತಲೆಯೆತ್ತದ ಗಂಡ. ನಡುವೆ ಅವಳ ದನಿ ನಿಧಾನವಾಯಿತು.

"ಇದು ಹೊಸದು. ಮೊದಲು ಇರ್ಲಿಲ್ಲ. 'ಅವನು ತಲೆಯೆತ್ತಲಿಲ್ಲ. ತಲೆ ತಗ್ಗಿಸಿದ್ದರಿಂದಲೇ ಅವನಿಗೆ ಅವಳ ಪಾದಗಳು ಕಂಡವು. ಹಿಮ್ಮಡಿಯ ಬಿರುಕಿನಲ್ಲಿ ಬಸ್ ಸ್ಟ್ಯಾಂಡಿನ ಕೆಂಪು ಮಣ್ಣು ಇನ್ನೂ ಆರಿರಲಿಲ್ಲ. ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಇನ್ನೊಂಚೂರು ಸಾರು ಹಾಕ್ಲಾ, ಎಂದಳು ಪಂಕಜ.'"

"ಆಮೇಲೆ?"

"ಅಷ್ಟೇ. ಇದೇ ಕೊನೆ."

ಅಂಗಳದಲ್ಲಿ ತಮಟೆ ಒಮ್ಮೆಲೇ ಜೋರಾಯಿತು. ಎತ್ತುವ ಹೊತ್ತು. ಮುನಿರಾಜ್ ಸೋರುವ ನಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಮುಖಕ್ಕೆ ಹಾಕಿಕೊಂಡ. ಮತ್ತೆ ಹಾಕಿಕೊಂಡ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

"ಅದನ್ನ ಬೀರುವಿನಲ್ಲಿಡು," ಎಂದ ಟವೆಲ್ಲಿನೊಳಗಿಂದಲೇ. "ಅವಳ ಸೀರೆ ಮಧ್ಯ."

"ಅಜ್ಜಿಗೆ ಏನಂತ ಹೇಳ್ಲಿ?"

"ಗುಂಡಿಗೆ ನಿಮ್ಮಮ್ಮನ ಕನ್ನಡಕ ಹಾಕಣ. ಅದಿಲ್ದಿದ್ರೆ ಅವಳಿಗೇನೂ ಕಾಣ್ತಿರ್ಲಿಲ್ಲ."

ಅಮ್ಮಯಮ್ಮ ಕನ್ನಡಕವನ್ನು ಕೈಗೆ ತೆಗೆದುಕೊಂಡು ಸೆರಗಿನಲ್ಲಿ ಎರಡೂ ಗಾಜು ಒರೆಸಿದಳು. "ಇದೂ ಸರಿಯೇ," ಎಂದಳು.

*

ಹುಣಸೆ ತೋಪಿನ ಪಕ್ಕದ ದಾರಿಯಲ್ಲಿ ಹೊಲಕ್ಕೆ ಹೋದರು. ಬಂದವರೆಲ್ಲ ಬಾಯಿಗೆ ಅಕ್ಕಿ ಹಾಕಿದರು. ಕವಿತ ಹಾಕುವಾಗ ಕಾಳುಗಳು ತುಟಿಯಿಂದ ಜಾರಿದವು. ಅವಳು ಒಂದೊಂದಾಗಿ ಹೆಕ್ಕಿ ಮತ್ತೆ ಇಟ್ಟಳು. ಮುನಿರಾಜ್ ಗುಂಡಿಗೆ ಇಳಿದು ತಲೆಯ ಪಕ್ಕ ಕನ್ನಡಕವಿಟ್ಟು, ಕಾಲ ಬಳಿಯ ಬಟ್ಟೆ ಸರಿಮಾಡಿ ಮೇಲೆ ಹತ್ತಿದ. ಹಿಂದಿನ ವಾರದ ಮಳೆಗೆ ಮಣ್ಣು ಇನ್ನೂ ಹಸಿಯಿತ್ತು. ಎಲ್ಲರೂ ಮೂರು ಮೂರು ಹಿಡಿ ಹಾಕಿದ ಮೇಲೆ ಸನಿಕೆಗಳು ಉಳಿದದ್ದನ್ನು ಮಾಡಿದವು.

ಊರಿಗೆ ವಾಪಸಾದವರು ಬಾಗಿಲಲ್ಲಿಟ್ಟಿದ್ದ ಕೊಳದಪ್ಪಲೆಯ ನೀರಿನಿಂದ ಕಾಲು ತೊಳೆದುಕೊಂಡು, ಒಳಗೆ ಉರಿಯುತ್ತಿದ್ದ ದೀಪ ನೋಡಿ, ಸಾವಿನ ಮನೆಯ ಪದ್ಧತಿಯಂತೆ 'ಬರ್ತೀವಿ' ಎನ್ನದೆ ಹೊರಟರು. ವೇಣುಗೋಪಾಲ್ ಮುನಿರಾಜನ ಕೈಯನ್ನೊಮ್ಮೆ ಒತ್ತಿ ಹೋದ.

ಕವಿತ ಪಕ್ಕದ ಮನೆಯಿಂದ ಅನ್ನ, ಸಾರು ತಂದಿದ್ದಳು. ಚಂದನ ಅಂಗಳದಿಂದ ಒಳಮನೆಯವರೆಗೂ ನೆಲ ತೊಳೆದು ಒರೆಸುತ್ತಿದ್ದಳು.

"ಲೇ, ಕಾಲು ತೊಳ್ಕಳೋ," ಅಮ್ಮಯಮ್ಮ ಕೂಗಿದಳು. "ಮಣ್ಣಿನ ಕಾಲಲ್ಲಿ ಒಳಿಕ್ಕೆ ಓಗ್ಬಾರ್ದು. ಮುನಿರಾಜ! ಕೇಳಿಸ್ತಾ?"

ಮುನಿರಾಜ್ ಕೊಳದಪ್ಪಲೆಯ ಪಕ್ಕದಲ್ಲೇ ಹಾದು ಹೊಸ್ತಿಲು ದಾಟಿದ. ದೀಪದ ಬಳಿ ಒಂದು ಕ್ಷಣ ನಿಂತು, ಒಳಮನೆಗೆ ಹೋಗಿ, ತಾನು ದಿನವೂ ಕೂರುವ ಕಡೆ ಕೂತ. ಎದುರಿಗೆ ಅನ್ನದ ತಪ್ಪಲೆ, ಸಾರಿನ ಪಾತ್ರೆ. ಅವನು ಎರಡು ತಟ್ಟೆ ತೆಗೆದುಕೊಂಡು ಒಂದನ್ನು ಮಗಳ ಕಡೆಗೆ ಸರಿಸಿದ.

"ಬಾ ಕೂತ್ಕೋ," ಎಂದ, ಅವಳ ಮುಖವನ್ನೇ ನೋಡುತ್ತಾ. "ನಾನೇ ಬಡಿಸ್ತೀನಿ."

ಚಂದನ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ತೊಳೆದ ನೆಲದ ಮೇಲೆ ಹೊಸ್ತಿಲಿನಿಂದ ತಟ್ಟೆಯವರೆಗೆ ಕೆಂಪು ಮಣ್ಣಿನ ಹೆಜ್ಜೆಗಳು ಮೂಡಿದ್ದವು, ಎಲ್ಲವೂ ಒಳಮುಖ. ಒರೆಸಲೆಂದು ಬಗ್ಗಿದವಳು ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ, ಅವುಗಳನ್ನು ತುಳಿಯದ ಹಾಗೆ ಬದಿಯಿಂದ ಸುತ್ತಿಬಂದು ತಟ್ಟೆಯ ಮುಂದೆ ಕೂತಳು.