ಗಾಲಿಯ ನಟ್ಟಿಗೆ ಮುಳ್ಳಿನ ಪಾನಾ

ತಿಳವಳ್ಳಿಯ ಪರಮೇಶಪ್ಪನವರ ಮೋಟಾರಿನ ಗಾಲಿ ಕಳಚಿ, ಹಿರಿಯ ಮಗ ಶಿವಬಸಪ್ಪ ತೀರಿಕೊಂಡು ವರ್ಷವಾಗಿತ್ತು. ಹಾನಗಲ್ಲಿನಿಂದ ಊರಿಗೆ ಬರುವಾಗ ಹಳ್ಳದ ಸೇತುವೆ ಮೇಲೆ ಮುಂದಿನ ಗಾಲಿ ಗಾಡಿಯನ್ನು ಬಿಟ್ಟು ತನ್ನ ಪಾಡಿಗೆ ತಾನು ಗದ್ದೆಗೆ ಇಳಿದಿತ್ತು. ಗಾಡಿ ಹಳ್ಳಕ್ಕೆ ಬಿತ್ತು. ಮಗನನ್ನು ಎತ್ತಿನ ಚಕ್ಕಡಿಯಲ್ಲಿ ಮಲಗಿಸಿಕೊಂಡು ಮನೆಗೆ ತಂದರು.

ಅಂದಿನಿಂದ ಪರಮೇಶಪ್ಪನವರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. ಮಗ ಮೈಗಳ್ಳ, ಹೊರಡುವ ಮುಂಚೆ ಗಾಲಿಯ ನಟ್ಟು ನೋಡಿಕೊಳ್ಳದೆ ಸಡಿಲ ಬಿಟ್ಟಿದ್ದ. ಹೆಂಡತಿ ಹಾಲವ್ವ ಒಳಗೆ ರೊಟ್ಟಿ ಬಡಿಯುತ್ತ ಅದನ್ನೆಲ್ಲ ಕೇಳಿಸಿಕೊಳ್ಳಬೇಕು. ಸತ್ತ ಮಗ ಎದ್ದು ಬಂದು ಜವಾಬು ಕೊಡುತ್ತಾನೆಯೇ? ಆದರೆ ನಟ್ಟು, ಬೋಲ್ಟು ತನಗೇನು ತಿಳಿಯುತ್ತದೆ ಎಂದು ಮತ್ತೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಳ್ಳುತ್ತಿದ್ದಳು.

ಹುಬ್ಬಳ್ಳಿಯ ಮಿಸ್ತ್ರಿ ಗಾಡಿಗೆ ಹೊಸ ಬೋಲ್ಟು ಹಾಕಿ ರಿಪೇರಿ ಮಾಡಿಕೊಟ್ಟಿದ್ದ. ಪರಮೇಶಪ್ಪನವರು ಮಾತ್ರ ಹಳೆಯ ಪದ್ಧತಿ ಬಿಡಲಿಲ್ಲ. ಅಮವಾಸ್ಯೆಗೊಮ್ಮೆ ಚಕ್ಕಡಿಯ ಜೊತೆಗೆ ಮೋಟಾರಿನ ಗಾಲಿಯನ್ನೂ ಬಿಚ್ಚಿ ತೊಳೆಸುವುದು, ಚಕ್ಕಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಯನ್ನೇ ಮೋಟಾರಿನ ಬೋಲ್ಟಿಗೂ ಬಳಿಯುವುದು. ಆಮೇಲೆ ನಟ್ಟು ತಿರುಗಿಸುವ ಪಾನಾದ ಹಿಡಿಕೆಗೆ ಉದ್ದನೆಯ ಕಬ್ಬಿಣದ ಕೊಳವಿ ತೊಡಿಸಿ, ಮೈಭಾರವನ್ನೆಲ್ಲ ಹಾಕಿ ತಾವೇ ಬಿಗಿಯುವುದು. ಮಗ ಹೋದ ಮೇಲಂತೂ ಇನ್ನೂ ಜೋರು.

ಆ ಅಮವಾಸ್ಯೆಯ ಬೆಳಿಗ್ಗೆಯೂ ಗಾಲಿಗಳು ಅಂಗಳದಲ್ಲಿದ್ದವು. ಪಾಡ್ಯ ಕಳೆದ ಮೇಲೆ ಕಿರಿಯ ಮಗ ಗುರುಸಿದ್ದ ಬಾಣಂತನ ಮುಗಿಸಿದ ತಂಗಿಯನ್ನೂ ಕೂಸನ್ನೂ ಹಿರೇಕೆರೂರಿಗೆ ಅದೇ ಗಾಡಿಯಲ್ಲಿ ಕರೆದೊಯ್ಯುವವನಿದ್ದ. ಹಾಲವ್ವ ಒಳಗಿನ ಕೆಲಸ ಬಿಟ್ಟು ಗಾಡಿಯ ಬಳಿ ಬಂದು ನಿಂತಿದ್ದಳು.

ಆಗ ಸವಣೂರಿನ ಕುತುಬುದ್ದೀನ ಬಂದ. ವೀಳ್ಯದೆಲೆ ವ್ಯಾಪಾರದ ಮನೆಯವನು, ಪರಮೇಶಪ್ಪನವರ ಹಳೆಯ ಸ್ನೇಹಿತ. ಯುದ್ಧದ ಕಾಲಕ್ಕೆ ದಂಡಿನ ಮೋಟಾರು ಕಾರಖಾನೆಯಲ್ಲಿದ್ದು ಈಗಷ್ಟೇ ಊರಿಗೆ ಮರಳಿದ್ದ. ಎಣ್ಣೆ ಮೆತ್ತಿದ ಬೋಲ್ಟುಗಳನ್ನು ನೋಡಿ ಅವನ ಮುಖ ಕಪ್ಪಿಟ್ಟಿತು. ಇದನ್ನು ಯಾರು ಹಚ್ಚಿದರು ಎಂದು ಕೇಳಿದ.

"ನಾನ ಹಚ್ಚೇನಿ. ಎಣ್ಣಿ ಹಾಕಲಾರದ ಯಾವ ಗಾಡಿ ಊರ ದಾಟೇತೋ ಮಾರಾಯಾ?" ಎಂದರು ಪರಮೇಶಪ್ಪನವರು.

ಚಕ್ಕಡಿಯ ಅಚ್ಚು ತಿರುಗುವ ಜಾಗ, ಅದಕ್ಕೆ ಎಣ್ಣೆ ಬೇಕು; ಈ ಬೋಲ್ಟು ಕಚ್ಚಿ ಹಿಡಿಯುವ ಜಾಗ, ಇದು ಒಣಗಿರಬೇಕು ಎಂದ ಕುತುಬುದ್ದೀನ. ಎಣ್ಣೆ ಇದ್ದರೆ ನಟ್ಟು ಜಾರಿ ಜಾರಿ ಅಳತೆ ಮೀರಿ ಬಿಗಿಯುತ್ತದೆ, ಬೋಲ್ಟು ಒಳಗೊಳಗೇ ಹಿಗ್ಗುತ್ತದೆ, ಒಂದು ದಿನ ತುಂಡಾಗುತ್ತದೆ ಎಂದ. ಪರಮೇಶಪ್ಪನವರು ನಕ್ಕುಬಿಟ್ಟರು. ಕಬ್ಬಿಣವೇನು ಕಣಕವೇ, ಹಿಗ್ಗಲಿಕ್ಕೆ?

ಕುತುಬುದ್ದೀನ ವಾದ ಮಾಡಲಿಲ್ಲ. ಮಿಸ್ತ್ರಿ ಕೊಟ್ಟು ಹೋಗಿದ್ದ ಹೆಚ್ಚಿನ ಬೋಲ್ಟೊಂದನ್ನು ತರಿಸಿದ. ಗಾಡಿಯಲ್ಲಿದ್ದ ಒಂದನ್ನು ಬಡಿದು ಹೊರತೆಗೆದ. ಎರಡನ್ನೂ ಒರೆಸಿ, ಒಂದು ನಟ್ಟಿನ ಜೊತೆ ಹಾಲವ್ವನ ಕೈಗಿಟ್ಟ.

"ಅಕ್ಕಾರ, ಬರೇ ಬೆರಳಿಲೆ ತಿರುವಿ ನೋಡ್ರಿ."

ಹೊಸ ಬೋಲ್ಟಿನ ಮೇಲೆ ನಟ್ಟು ಸರಸರನೆ ಕೊನೆಯವರೆಗೆ ಇಳಿಯಿತು. ಗಾಡಿಯಿಂದ ತೆಗೆದದ್ದರ ಮೇಲೆ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಅವಳು ಮತ್ತೆ ತಿರುವಿದಳು. ಬೆರಳು ಕೆಂಪಾದರೂ ಮುಂದೆ ಹೋಗಲಿಲ್ಲ. ಬೋಲ್ಟು ಎಳೆದು ಎಳೆದು ಉದ್ದವಾಗಿದೆ, ಅದಕ್ಕೇ ಸುತ್ತು ಸರಿಹೊಂದುತ್ತಿಲ್ಲ ಎಂದ ಕುತುಬುದ್ದೀನ. ಆಮೇಲೆ ತಗ್ಗಿದ ದನಿಯಲ್ಲಿ, ನಟ್ಟು ಬರೀ ಸಡಿಲವಾಗಿದ್ದರೆ ಹೆಚ್ಚಾಗಿ ನಟ್ಟಷ್ಟೇ ಬಿಚ್ಚಿಹೋಗುತ್ತದೆ ಎಂದು ಹೇಳಿ, ಅಂದು ಹಳ್ಳದಿಂದ ತಂದ ಗಾಡಿಯಲ್ಲಿ ಬೋಲ್ಟು ಇಡಿಯಾಗಿದ್ದವೋ ತುಂಡಾಗಿದ್ದವೋ ಎಂದು ಕೇಳಿದ.

ಎಲ್ಲವೂ ತುಂಡಾಗಿದ್ದವು. ಮಿಸ್ತ್ರಿ ಮುರುಕುಗಳನ್ನು ಬಡಿದು ತೆಗೆದದ್ದನ್ನು ಪರಮೇಶಪ್ಪನವರೇ ಕಣ್ಣಾರೆ ಕಂಡಿದ್ದರು. ಅವರು ಪಕ್ಕದಲ್ಲಿದ್ದ ಕಬ್ಬಿಣದ ಕೊಳವಿಯನ್ನು ದೂರ ಸರಿಸಿ ಹೆಂಡತಿಯ ಕಡೆ ತಿರುಗಿದರು.

"ಅಂವ ಸಡಿಲ ಬಿಟ್ಟಿದ್ದಿಲ್ಲ, ಹಾಲವ್ವಾ. ಬಿಗದಾವ ನಾನು."

ಈ ಮಾತಿಗಾಗಿ ಅವಳು ವರ್ಷವಿಡೀ ಕಾದಿದ್ದಳು. ಕೇಳಿದ ಮೇಲೆ ಸಮಾಧಾನವೇನೂ ಆಗಲಿಲ್ಲ. ಮಗ ತಪ್ಪಿಲ್ಲದವನೆಂದಾಯಿತು, ಆದರೆ ಮಗನಿಲ್ಲ. ಇನ್ನು ಸಿಟ್ಟು ಮಾಡಬೇಕಾದದ್ದು ದಿನಾ ಎರಡು ಹೊತ್ತು ತಾನೇ ರೊಟ್ಟಿ ಹಾಕುವ ಈ ಮನುಷ್ಯನ ಮೇಲೆ.

"ಇನ್ನೊಬ್ಬ ಮಗಾ ಅದಾನ್ರಿ. ಮಗಳು, ಕೂಸು ಅದಾವ. ಕುತುಬುದ್ದೀನಣ್ಣ ಹೇಳಿದಂಗ ಮಾಡ್ರಿ," ಎಂದಳು.

ಪ್ರಯಾಣ ಮುಂದಕ್ಕೆ ಹೋಯಿತು. ಹೊಸ ಬೋಲ್ಟಿಗೆಂದು ಸ್ನೇಹಿತರಿಬ್ಬರೂ ಹುಬ್ಬಳ್ಳಿಗೆ ಹೋದಾಗ ಗುಜರಿ ಅಂಗಡಿಯಲ್ಲಿ ದಂಡಿನವರು ಮಾರಿದ ಮುಳ್ಳಿನ ಪಾನಾಗಳಿದ್ದವು. ಹಿಡಿಕೆಯ ಹತ್ತಿರ ಅಂಕಿ ಬರೆದ ಪಟ್ಟಿ, ಅದರ ಮೇಲೆ ಸರಿಯುವ ಮುಳ್ಳು. ಎಷ್ಟು ಬಲ ಬಿತ್ತೆಂದು ತಕ್ಕಡಿಯಂತೆ ತೋರಿಸುತ್ತದೆ. ಪರಮೇಶಪ್ಪನವರ ಕೈ ಎಲ್ಲಕ್ಕಿಂತ ದೊಡ್ಡದರ ಮೇಲೆ ಹೋಯಿತು. ಹಳೆಯ ಚಾಳಿ ಅಷ್ಟು ಬೇಗ ಬಿಡುತ್ತದೆಯೇ? ಅದು ಲಾರಿಯದು, ನಮ್ಮ ಗಾಡಿ ಮಾಡಿದವರು ಹೇಳಿದ ಅಂಕಿ ಅದರ ಮೊದಲಿಗೇ ಮುಗಿಯುತ್ತದೆ, ಅಲ್ಲಿ ಮುಳ್ಳು ಸರಿಯಾಗಿ ತೋರಿಸುವುದಿಲ್ಲ ಎಂದು ಕುತುಬುದ್ದೀನ ಕೈ ಹಿಡಿದ. ಬೇಕಾದ ಅಂಕಿ ಪಟ್ಟಿಯ ನಡುಭಾಗಕ್ಕೆ ಬರುವಂಥದ್ದನ್ನು ಆರಿಸಿದ. ಸುಮ್ಮನಿಟ್ಟಾಗ ಮುಳ್ಳು ಸೊನ್ನೆಯ ಮೇಲೆ ನಿಲ್ಲದ ಒಂದನ್ನು ಪಕ್ಕಕ್ಕಿಟ್ಟ, ಎಲ್ಲೋ ಬಿದ್ದು ಬಾಗಿದೆ ಎಂದ. ನಟ್ಟಿನ ಮೇಲೆ ಕೂರಿಸಿ, ಅಲ್ಲಾಡದೆ ಕಚ್ಚುತ್ತದೆಯೇ ಎಂದೂ ನೋಡಿದ.

ಬಿಗಿಯುವ ದಿನ ಹಾಲವ್ವ ಗಂಡನ ಬೆನ್ನ ಹಿಂದೆ ನಿಂತಳು. ಒಣಗಿದ ಬೋಲ್ಟು, ಒಂದು ನಟ್ಟಾದ ಮೇಲೆ ಎದುರಿನ ನಟ್ಟು, ಒಮ್ಮೆಲೇ ಜಗ್ಗದೆ ನಿಧಾನವಾಗಿ. ಮುಳ್ಳು ಗುರುತಿಗೆ ಬಂದರೂ ಪರಮೇಶಪ್ಪನವರ ತೋಳು ಇನ್ನಷ್ಟು ಎಳೆಯಲು ಹವಣಿಸಿತು.

"ಸಾಕು. ಕೈ ತಗೀರಿ," ಎಂದಳು. ಅವರು ಕೈ ತೆಗೆದರು.

ಮನೆಯಲ್ಲಿ ಮೋಟಾರು ಇಟ್ಟುಕೊಂಡವರೇ, ನಿಮಗೇ ಈ ಮಾತು. ಗಾಲಿಯ ಬೋಲ್ಟಿಗೆ ಎಣ್ಣೆ ಬಳಿಯಬೇಡಿ, ಪಾನಾಕ್ಕೆ ಕೊಳವಿ ತೊಡಿಸಬೇಡಿ. ನಿಮ್ಮ ಗಾಡಿಯ ಅಳತೆಗೆ ತಕ್ಕ ಮುಳ್ಳಿನ ಪಾನಾ ಕೊಳ್ಳಿರಿ, ಗಾಡಿ ಮಾಡಿದವರು ಹೇಳಿದ ಅಂಕಿಗೆ ನಿಲ್ಲಿಸಿರಿ. ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿರಿ. ಮುಳ್ಳಿನ ಪಾನಾ ಬಾಗಿ ಕೆಡದಂತೆ, ನಟ್ಟು ಬಿಚ್ಚಲು ಬೇರೆ ಪಾನಾ ಬಳಸಿರಿ. ಪರಮೇಶಪ್ಪನವರೂ ಮಗನ ಮೇಲಿನ ಪ್ರೀತಿಯಿಂದಲೇ ಅಷ್ಟು ಬಿಗಿದಿದ್ದರು.