ಪೆಟ್ಟಿಗೆಗಳ ಹಿಂದಿನ ಫೋನು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹೊಸ ಮಾದರಿಯ ಪಂಪು ತಯಾರಾಗುತ್ತಿತ್ತು. ಕೆಲಸದ ವೇಳೆ ಯಾರೂ ಮೊಬೈಲ್ ಮುಟ್ಟಬಾರದೆಂದು ಮ್ಯಾನೇಜರು ಕಟ್ಟುನಿಟ್ಟು ಮಾಡಿದ್ದರು. ಆದರೂ ಪಂಪು ಜೋಡಿಸುವ ಗೌರಿ ಆಗಾಗ ರಟ್ಟಿನ ಪೆಟ್ಟಿಗೆಗಳ ಹಿಂದೆ ಹೋಗಿ ಮೊಬೈಲ್ ಎತ್ತಿ ಹಿಡಿಯುವುದು ಸೂಪರ್‌ವೈಸರ್ ವಾಸಂತಿಯ ಕಣ್ಣಿಗೆ ಬಿತ್ತು. ಗೌರಿ ಒಂದು ಮಾತೂ ಆಡುತ್ತಿರಲಿಲ್ಲ. ಹೊಸ ಪಂಪಿನ ಫೋಟೊ ತೆಗೆದು ಹೊರಗಿನವರಿಗೆ ಕಳಿಸುತ್ತಿದ್ದಾಳೆ ಎಂದು ವಾಸಂತಿಗೆ ಗುಮಾನಿ ಬಂತು.

ಒಂದು ಮಧ್ಯಾಹ್ನ ಅವಳು ಸದ್ದಿಲ್ಲದೆ ಹಿಂದೆ ಹೋಗಿ ನಿಂತಳು.

“ಯಾರಿಗೆ ತೋರಿಸ್ತಿದೀಯ? ಕೊಡಿಲ್ಲಿ ಫೋನು!”

ಗೌರಿ ಬೆಚ್ಚಿಬಿದ್ದು ಫೋನನ್ನು ಅವಳತ್ತ ತಿರುಗಿಸಿದಳು. ಪರದೆಯ ಮೇಲೆ ಒಬ್ಬ ಗಂಡಸು ಕೈಬೆರಳು ಆಡಿಸುತ್ತಿದ್ದ.

“ನಮ್ಮೆಜಮಾನ್ರು ಮೇಡಂ. ಅವ್ರಿಗೆ ಕಿವಿ ಕೇಳ್ಸಲ್ಲ, ಮಾತೂ ಬರಲ್ಲ. ವಿಡಿಯೋದಲ್ಲಿ ಸನ್ನೆ ಮಾಡ್ಕೊಂಡೇ ಮಾತಾಡೋದು.”

ವಾಸಂತಿಯ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಆತ ಅವಳನ್ನೇ ನೋಡುತ್ತ ಏನೋ ಸನ್ನೆ ಮಾಡಿದ. ಗೌರಿ ತುಟಿ ಕಚ್ಚಿ ನಗು ತಡೆದುಕೊಂಡಳು.

“ಏನಂತೆ?”

“ನಿಮ್ದು ಊಟ ಆಯ್ತಾ ಅಂತ ಕೇಳ್ತಾವ್ರೆ ಮೇಡಂ.”

“ಆಯ್ತು ಅನ್ನು. ಇನ್ಮೇಲೆ ಊಟದ ಹೊತ್ತಲ್ಲೇ ಮಾತಾಡು,” ಎಂದು ವಾಸಂತಿ ಹೊರಟಳು.

ಊಟವಾಯಿತೇ ಎಂದು ಕೇಳುವವನು ಕಣ್ಣು ಕೆಕ್ಕರಿಸಿ, ಇಲ್ಲದ ಮೀಸೆ ತಿರುವಿದ್ದೇಕೆ ಎಂಬ ಅನುಮಾನ ಮಾತ್ರ ಸಂಜೆಯವರೆಗೂ ಅವಳನ್ನು ಬಿಡಲಿಲ್ಲ.